ಮನೆಯ ಕಷ್ಟ ಮಗುವಿಗೆ ಎಷ್ಟು ಗೊತ್ತಿರಬೇಕು?

ಗಂಡ ತೀರಿಕೊಂಡ ಮನೆಗೆ ಹನ್ನೊಂದನೇ ದಿನಕ್ಕೆ ಬಂದ ನೆಂಟರು ಹತ್ತು ಹನ್ನೆರಡು ವರ್ಷದ ಹುಡುಗನ ತಲೆ ಸವರಿ ಹೇಳುವ ಮಾತೊಂದಿದೆ: ‘ಇನ್ನು ಮೇಲೆ ಈ ಮನೆಗೆ ನೀನೇ ಕಣಪ್ಪಾ ಗಂಡಸು.’ ಹುಡುಗಿಯಾದರೆ ‘ತಮ್ಮನಿಗೆ ಇನ್ನು ನೀನೇ ತಾಯಿ.’ ಹೇಳುವವರಿಗೆ ಅದು ಸಮಾಧಾನದ ಮಾತು, ಮಗುವಿಗೆ ಅದು ಅಪ್ಪಣೆ. ಗಂಡ ಬಿಟ್ಟುಹೋದ ಮನೆಯಲ್ಲಿ ಹಾಗೆ ಹೇಳುವವರೂ ಇರುವುದಿಲ್ಲ, ಮಗು ತಾನಾಗಿಯೇ ಆ ಜಾಗಕ್ಕೆ ಬಂದು ಕೂರುತ್ತದೆ.

ಅಂಥ ಮಗು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಬೇಗ ಕಣ್ಣಿಗೆ ಬೀಳುವುದೂ ಇಲ್ಲ. ಶೂ ಹರಿದರೂ ಕೇಳುವುದಿಲ್ಲ. ಪ್ರವಾಸಕ್ಕೆ ದುಡ್ಡು ತನ್ನಿ ಅನ್ನುವ ಶಾಲೆಯ ಚೀಟಿ ಜಾಮಿಟ್ರಿ ಬಾಕ್ಸಿನ ತಳದಲ್ಲಿ ಮಡಚಿಕೊಂಡಿರುತ್ತದೆ. ಕೇಳಿದರೆ ‘ನಂಗೆ ಟೂರು ಇಷ್ಟ ಇಲ್ಲಮ್ಮ’ ಅನ್ನುತ್ತದೆ. ಎಷ್ಟು ಜಾಣ ಮಗು ಎಂದು ಎಲ್ಲರೂ ಹೊಗಳುತ್ತಾರೆ. ಅಂಕ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲೇ ಸೋಮವಾರದ ಹೊಟ್ಟೆನೋವು, ಅಮ್ಮ ಬರುವುದು ಹತ್ತು ನಿಮಿಷ ತಡವಾದರೂ ಬಾಗಿಲಲ್ಲೇ ನಿಲ್ಲುವುದು ಶುರುವಾಗಿರುತ್ತದೆ.

ಮಗುವಿಗೆ ಏನೂ ಹೇಳದಿರುವುದು ಇದಕ್ಕೆ ಮದ್ದಲ್ಲ. ‘ಅಪ್ಪ ದುಬೈಗೆ ಹೋಗಿದ್ದಾರೆ’ ಎಂಬ ಕಥೆ ಯಾವುದಾದರೂ ಮದುವೆ ಮನೆಯಲ್ಲಿ ಸೋದರಮಾವನ ಮಗನ ಬಾಯಿಂದ ಒಡೆಯುತ್ತದೆ. ಆಮೇಲೆ ನೀವು ಹೇಳುವ ನಿಜವನ್ನೂ ಮಗು ನಂಬುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಸತ್ತವರು ವಾಪಸು ಬರುವುದಿಲ್ಲ ಎಂಬುದು ಸರಿಯಾಗಿ ಅರ್ಥವಾಗಿರುವುದಿಲ್ಲ. ‘ಮಲಗಿದ್ದಾರೆ’ ಎಂದರೆ ತಾವು ಮಲಗುವುದಕ್ಕೇ ಹೆದರುತ್ತಾರೆ. ‘ಅಪ್ಪನ ಮೈ ಕೆಲಸ ಮಾಡೋದು ನಿಂತಿತು, ಅವರು ಮತ್ತೆ ಬರಲ್ಲ’ ಎಂಬ ನೇರ ಮಾತೇ ಸರಿ. ಅಪ್ಪ ಅಮ್ಮ ಬೇರೆಯಾದ ಮನೆಯಲ್ಲಿ ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು: ‘ಇದು ನಿನ್ನಿಂದ ಆದದ್ದಲ್ಲ.’ ತನ್ನ ಹಠದಿಂದಲೇ ಅಪ್ಪ ಹೋದ ಎಂದು ಚಿಕ್ಕ ಮಕ್ಕಳು ಎಷ್ಟು ಸಲೀಸಾಗಿ ನಂಬುತ್ತಾರೆಂದರೆ ದೊಡ್ಡವರಿಗೆ ಅದು ಹೊಳೆಯುವುದೂ ಇಲ್ಲ.

ದುಡ್ಡಿನ ವಿಷಯದಲ್ಲಿ ಬದಲಾಗುವುದನ್ನು ಹೇಳಿ, ಸಾಲದ ಮೊತ್ತ ಹೇಳಬೇಡಿ. ಏಳು ವರ್ಷದ ಮಗುವಿಗೆ ಎರಡು ಸಾವಿರವೂ ಒಂದೇ, ಎರಡು ಲಕ್ಷವೂ ಒಂದೇ. ಅದು ಓದುವುದು ನಿಮ್ಮ ಮುಖವನ್ನು. ‘ಮುಂದಿನ ತಿಂಗಳು ಚಿಕ್ಕ ಮನೆಗೆ ಹೋಗ್ತೀವಿ. ನಿನ್ನ ಶಾಲೆ ಅದೇ, ಅಜ್ಜಿ ಭಾನುವಾರ ಬರೋದೂ ಅದೇ. ಬಾಡಿಗೆ, ಸಾಲ ನಾನು ನೋಡ್ಕೋತೀನಿ.’ ಇಷ್ಟು ಸಾಕು. ಮಲಗುವ ಹೊತ್ತಿಗೆ ಮಾತ್ರ ಹೇಳಬೇಡಿ. ದೀಪ ಆರಿದ ಮೇಲೆ ಕೇಳಲು ಯಾರೂ ಸಿಗದೆ ಮಗು ಅದನ್ನೇ ಮೆಲುಕು ಹಾಕುತ್ತದೆ. ಸಂಜೆ ಸೊಪ್ಪು ಬಿಡಿಸುತ್ತಾ ಹೇಳಿದರೆ ಪ್ರಶ್ನೆಗಳು ತಾವಾಗಿ ಬರುತ್ತವೆ.

ಬಾಗಿಲಿಗೆ ಸಾಲದವರು ಬಂದಾಗ ‘ಅಮ್ಮ ಇಲ್ಲ ಅಂತ ಹೇಳು’ ಎಂದು ಮಗುವನ್ನು ಮುಂದೆ ಬಿಡಬಾರದು. ಸುಳ್ಳು ಹೇಳಿಸಿದ್ದು ಒಂದು ಕಡೆ, ಮನೆ ಕಾಯುವ ಕೆಲಸ ಕೊಟ್ಟದ್ದು ಇನ್ನೊಂದು ಕಡೆ. ಮೈಕ್ರೋಫೈನಾನ್ಸ್ ಸಾಲ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಂಪರ್ಕಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಬೈಯುವುದು, ನೆಂಟರಿಷ್ಟರನ್ನು ಕಾಡುವುದು ಕೂಡ ನಿಷಿದ್ಧ. ಹಾಗೆ ಬಂದರೆ ದಿನ, ಹೊತ್ತು, ಬಂದವರ ಹೆಸರು ಬರೆದಿಟ್ಟುಕೊಂಡು ದೂರು ಕೊಡಿ.

ಇಷ್ಟೇ ಕೆಟ್ಟದ್ದು ‘ಫೀಸು ನಿಮ್ಮಪ್ಪನ್ನೇ ಕೇಳು’ ಎನ್ನುವುದು. ಕೇಳಬೇಕಾದ ಜಾಗ ನ್ಯಾಯಾಲಯ. ಮಹಿಳೆಗೆ ಎಷ್ಟೇ ಆದಾಯವಿದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು, ಸಹಾಯವಾಣಿ 15100. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜೀವನಾಂಶ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಮೊಕದ್ದಮೆ ಮುಗಿಯುವವರೆಗಿನ ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು. ಆದೇಶವಾದ ಮೇಲೆ ಹೆಚ್ಚಿನವರು ಎಡವುವುದು ಬಾಕಿಯಲ್ಲಿ. ‘ಇವತ್ತಲ್ಲ ನಾಳೆ ಕೊಡ್ತಾರೆ’ ಎಂದು ಕಾಯುತ್ತಾರೆ. ಆದರೆ ಕೊಡದ ಪ್ರತಿ ತಿಂಗಳ ಹಣಕ್ಕೂ ಅದು ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು, ಅವಧಿ ಮೀರಿದರೆ ಈ ಕಲಮಿನಡಿ ವಾರಂಟ್ ಹೊರಡುವುದಿಲ್ಲ. ಫೀಸು, ಔಷಧ, ಬಾಡಿಗೆಯ ರಸೀದಿಗಳನ್ನು ತಿಂಗಳವಾರು ಒಂದು ಕವರಿನಲ್ಲಿ ಹಾಕಿಡಿ. ನ್ಯಾಯಾಲಯಕ್ಕೆ ಆದಾಯ ವೆಚ್ಚದ ಅಫಿಡವಿಟ್ ಸಲ್ಲಿಸುವಾಗ ಅದೇ ಆಧಾರ.

ಖಾಸಗಿ ಶಾಲೆಯ ಫೀಸು ಕಟ್ಟಲಾಗದಿದ್ದರೆ ವರ್ಷದ ನಡುವೆ ಬಡ್ಡಿಗೆ ತಂದು ಕಟ್ಟುವುದಕ್ಕಿಂತ ಸರ್ಕಾರಿ ಶಾಲೆಗೆ ಸೇರಿಸುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಬಿಸಿಯೂಟ, ಪುಸ್ತಕ, ಸಮವಸ್ತ್ರದ ಖರ್ಚೂ ಉಳಿಯುತ್ತದೆ. ಬಾಕಿ ಇದೆ ಎಂದು ಹಳೆ ಶಾಲೆ ಟಿಸಿ ತಡೆದರೆ ಎದೆಗುಂದಬೇಡಿ. ಎಂಟನೇ ತರಗತಿವರೆಗೆ ಟಿಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಅದನ್ನೇ ಹೇಳುತ್ತದೆ. ಬೇಡ ಎಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ತರಗತಿ ಶಿಕ್ಷಕರಿಗೆ ಎರಡೇ ವಾಕ್ಯ ತಿಳಿಸಿ: ಮನೆಯಲ್ಲಿ ಏನಾಗಿದೆ, ಮಗುವಿಗೆ ಅದರಲ್ಲಿ ಎಷ್ಟು ಗೊತ್ತು. ಎಲ್ಲರ ಮುಂದೆ ‘ಅಪ್ಪನ ಸಹಿ ಎಲ್ಲಿ’ ಎಂದು ಕೇಳುವುದು ಅದರಿಂದಲೇ ತಪ್ಪುತ್ತದೆ.

ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯರ, ವಿಚ್ಛೇದಿತೆಯರ, ಗಂಡ ಅಥವಾ ಮನೆಯವರು ಕೈಬಿಟ್ಟ ತಾಯಂದಿರ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಅನುದಾನ ಇದ್ದಷ್ಟೇ ಮಂಜೂರಾಗುವುದರಿಂದ ಆ ದುಡ್ಡು ನಂಬಿ ಸಾಲ ಮಾಡಬೇಡಿ. ಗಂಡನ ಆದಾಯ ಸೇರಿಸಿ ಮಾಡಿಸಿದ್ದ ಹಳೆಯ ಆದಾಯ ಪ್ರಮಾಣಪತ್ರ ಲಗತ್ತಿಸಿದರೆ ಮಿತಿ ದಾಟಿಹೋಗುತ್ತದೆ, ನಾಡಕಚೇರಿಯಲ್ಲಿ ಮೊದಲು ಹೊಸದು ಮಾಡಿಸಿ. ಮಗು ಶಾಲೆ ತಪ್ಪಿಸುತ್ತಿದ್ದರೆ ಮಂಜೂರಾದ ನೆರವೂ ನಿಲ್ಲಬಹುದು.

ಮನೆಗೆಲಸ ಮಕ್ಕಳಿಗೆ ಕೊಡಲೇಬಾರದು ಎಂದಲ್ಲ. ನೀರು ಹಿಡಿಯಲಿ, ತಟ್ಟೆ ತೊಳೆಯಲಿ. ತಂಗಿಯನ್ನು ಒಂದು ಗಂಟೆ ಆಡಿಸಿದರೂ ಸರಿಯೇ. ರಾತ್ರಿ ನಿಮ್ಮ ಅಳುವಿಗೆ ಸಮಾಧಾನ ಹೇಳುವ ಕೆಲಸ ಮಾತ್ರ ಮಗುವಿನದಾಗಬಾರದು. ಅದಕ್ಕೆ ಅಕ್ಕ, ಗೆಳತಿ, ಸಂಘದವರು ಯಾರಾದರೂ ಇರಲಿ. ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಬಾಯಲ್ಲಿ ‘ನಾನು ಇರಲೇಬಾರದಿತ್ತು’ ಎಂಬಂಥ ಮಾತು ಬಂದರೆ ಒಬ್ಬಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ವಿಷಯ ತಾಯಂದಿರನ್ನು ಕಂಗೆಡಿಸುತ್ತದೆ. ಕೆಲಸ ಸಿಕ್ಕಿ, ಬಾಡಿಗೆ ಸರಿಯಾಗಿ ಕಟ್ಟುವಂತಾಗಿ, ಮನೆ ಒಂದು ಹದಕ್ಕೆ ಬಂತು ಅನ್ನುವಾಗ ಅಷ್ಟು ದಿನ ತೆಪ್ಪಗಿದ್ದ ಮಗು ರೇಗುತ್ತದೆ, ಹಟ ಹಿಡಿಯುತ್ತದೆ, ಎಂಟು ವರ್ಷಕ್ಕೂ ಹಾಸಿಗೆ ಒದ್ದೆ ಮಾಡುತ್ತದೆ. ‘ಕಷ್ಟದಲ್ಲಿ ಚೆನ್ನಾಗಿತ್ತು, ಈಗೇನು ಬಂತು’ ಎಂದು ಗದರಬೇಡಿ. ಅಮ್ಮ ಇನ್ನು ಕುಸಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಎಷ್ಟೋ ಮಕ್ಕಳು ತಮ್ಮ ದುಃಖವನ್ನು ಹೊರಗೆ ಬಿಡುವುದು. ಊಟ, ನಿದ್ದೆ, ಓದಿನ ಹೊತ್ತು ಬದಲಿಸದೆ, ಹಾಸಿಗೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿ. ಎರಡು ವಾರ ಕಳೆದರೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಮೂತ್ರದ ಸೋಂಕು ಇದೆಯೇ ಎಂದೂ ನೋಡಿಸಿ.