ಹೆಪ್ಪುಗಟ್ಟು ಎಲ್ಲಿ, ಘನೀಭವಿಸು ಎಲ್ಲಿ?

ಚಳಿಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಉಷ್ಣಾಂಶ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಇದನ್ನು ಬರೆಯುವಾಗ ‘ಎಣ್ಣೆ ಘನೀಕರಿಸಿದೆ’ ಎನ್ನುವವರು ಬಹಳ. ‘ಕರಿಸು’ ಎಂಬುದರಲ್ಲಿ ಮಾಡು ಎಂಬ ಅರ್ಥದ ‘ಕೃ’ ಧಾತು ಇದೆ. ಹಾಗಾಗಿ ಘನೀಕರಿಸು ಸಕರ್ಮಕ, ಅದಕ್ಕೆ ಮಾಡುವವರೂ ಬೇಕು, ‘ಏನನ್ನು’ ಎಂಬುದಕ್ಕೆ ಉತ್ತರವಾಗುವ ಕರ್ಮವೂ ಬೇಕು. ತಾನಾಗಿ ಗಟ್ಟಿಯಾಗುವುದಕ್ಕೆ ಆಗು ಎಂಬ ಅರ್ಥದ ‘ಭೂ’ ಧಾತುವಿನ ಘನೀಭವಿಸು ಸರಿ. ಯಂತ್ರ ಮೀನನ್ನು ಘನೀಕರಿಸುತ್ತದೆ, ಕರಗಿದ ಮೇಣ ಆರಿ ಘನೀಭವಿಸುತ್ತದೆ. ಅನುಮಾನ ಬಂದರೆ ವಾಕ್ಯದಲ್ಲಿ ‘ಏನನ್ನು?’ ಎಂದು ಕೇಳಿ. ಉತ್ತರ ಸಿಗದಿದ್ದರೆ ‘ಕರಿಸು’ ತೆಗೆಯಿರಿ.

ಆದರೆ ಎಣ್ಣೆ, ತುಪ್ಪಕ್ಕೆ ಈ ಸಂಸ್ಕೃತ ಪದಗಳ ಅಗತ್ಯವೇ ಇಲ್ಲ. ಹೆರೆ ಎಂಬ ಕನ್ನಡ ಕ್ರಿಯಾಪದವೇ ಇದೆ. ತಣ್ಣಗಾಗಿ ತರಿತರಿಯಾಗಿ ಗಟ್ಟಿಯಾದ ತುಪ್ಪ ಹೆರೆದುಪ್ಪ. ತುರಿಯುವ, ಕೆರೆಯುವ ಅರ್ಥದ ಹೆರೆ ಬೇರೆ. ಬಳಕೆ ಕಡಿಮೆಯಾಗಿದೆ ಎಂದು ಗಟ್ಟಿಯಾಗುವ ಅರ್ಥದ ಹೆರೆಯನ್ನು ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಡುಗೆ ಬರೆಯುವವರಾದರೂ ಉಳಿಸಿಕೊಳ್ಳಬೇಕು. ಸಕ್ಕರೆ ಪಾಕ, ಜೇನುತುಪ್ಪಕ್ಕೆ ಹರಳುಗಟ್ಟು, ಹಿಟ್ಟಿಗೆ ಗಂಟುಕಟ್ಟು.

ಮುಳ್ಳಯ್ಯನಗಿರಿಯ ಮಂಜಿನ ಬಗ್ಗೆ ಬರೆಯುವಾಗ ಇನ್ನೊಂದು ಎಡವಟ್ಟಾಗುತ್ತದೆ: ‘ಆವಿ ಘನೀಭವಿಸಿ ಮಂಜಾಯಿತು’. ಆ ಮಂಜು ಸಣ್ಣ ನೀರಹನಿ, ಅಂದರೆ ದ್ರವ. ಆವಿ ಹನಿಯಾಗುವುದು ಸಾಂದ್ರೀಭವನ.

ಹೆಪ್ಪುಗಟ್ಟು ಎಂಬುದು ಹೆಪ್ಪು ಮತ್ತು ಕಟ್ಟು ಸೇರಿ ಆದ ಪದ. ಕಕಾರಕ್ಕೆ ಗಕಾರ ಬಂದಿರುವುದು ಆದೇಶ ಸಂಧಿ. ಹಾಲಿಗೆ ನಾವು ಹೆಪ್ಪು ಹಾಕುತ್ತೇವೆ, ಹಾಲು ಹೆಪ್ಪುಗಟ್ಟುತ್ತದೆ. ಬೆರಳಿಗೆ ಹಿತವಾಗುವಷ್ಟು, ಅಂದರೆ 40–45 ಡಿಗ್ರಿ ಬೆಚ್ಚಗಿರುವ ಹಾಲಿಗೆ ಒಂದು ಚಮಚ ಮೊಸರು ಬಿದ್ದರೆ ಅದರ ಬ್ಯಾಕ್ಟೀರಿಯಾ ಹುಳಿ ಮಾಡುತ್ತದೆ. ಹುಳಿ ಏರಿದಂತೆ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಮೊಸರಾಗುವುದಿಲ್ಲ. 0 ಡಿಗ್ರಿಯಲ್ಲಿ ನೀರು ಮಂಜುಗಡ್ಡೆಯಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಎರಡಕ್ಕೂ ಹೆಪ್ಪುಗಟ್ಟು ಎನ್ನುವುದು ರೂಢಿಯಾಗಿದೆ. ಅದನ್ನು ತಿದ್ದಬೇಕಿಲ್ಲ.

ತಿದ್ದಲೇಬೇಕಾದ್ದು ರಕ್ತದ ವಿಷಯದಲ್ಲಿ. ಗಾಯವಾದಾಗ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ, ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ‘ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ’ ಎಂಬ ವಾಕ್ಯಕ್ಕೆ ಮಾತ್ರ ಎರಡು ಅರ್ಥ. ರಕ್ತನಾಳದೊಳಗೇ ಹೆಪ್ಪು ಕೂತು ಹರಿವು ನಿಂತಿರಬಹುದು. ಇಲ್ಲವೇ ನಾಳ ಒಡೆದು ಹೊರಬಂದ ರಕ್ತ ಗಡ್ಡೆಯಾಗಿರಬಹುದು. ಮೊದಲನೆಯದಕ್ಕೆ, ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಡುವುದುಂಟು. ಎರಡನೆಯದಕ್ಕೆ ಅದನ್ನೇ ಕೊಟ್ಟರೆ ಜೀವಕ್ಕೆ ಅಪಾಯ. ಸ್ಕ್ಯಾನ್ ಮಾಡುವ ವೈದ್ಯರಿಗೆ ಇದು ಗೊತ್ತಿರುತ್ತದೆ, ಆದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಫೋನಿನಲ್ಲಿ ವಿಷಯ ಮುಟ್ಟಿಸುವ ಮನೆಯವರಿಗೆ ಸಿಗುವುದು ಆ ಒಂದು ವಾಕ್ಯ ಮಾತ್ರ. ‘ನಾಳದೊಳಗೆ ಹೆಪ್ಪುಗಟ್ಟಿ ಅಡ್ಡವಾಗಿದೆ’, ‘ನಾಳ ಒಡೆದು ರಕ್ತಸ್ರಾವವಾಗಿದೆ’ ಎಂದು ಬಿಡಿಸಿ ಬರೆಯಿರಿ.

ಇಂಗ್ಲಿಷಿನ ‘ಫ್ರೀಜ್’ ಪದವನ್ನು ಹಾಗೆಯೇ ಅನುವಾದಿಸಿ ಬ್ಯಾಂಕ್ ಖಾತೆಯನ್ನು ಹೆಪ್ಪುಗಟ್ಟಿಸುವುದು ಬೇಡ. ‘ಖಾತೆಯ ವಹಿವಾಟು ತಡೆಹಿಡಿದರು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಮನೆ ಕಟ್ಟಿಸುವವರು ‘ಕಾಂಕ್ರೀಟ್ ಒಣಗಿತು’ ಎನ್ನುವುದಂತೂ ದುಡ್ಡಿಗೇ ಪೆಟ್ಟು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ. ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುವುದು. ಒಣಗಲಿ ಎಂದು ನೀರು ನಿಲ್ಲಿಸಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಮೇಲ್ಮೈ ಬಿರುಕು ಬಿಡುತ್ತದೆ, ಬಲ ಬರುವುದಿಲ್ಲ. ಗಾರೆ ಕೆಲಸದವರ ‘ಸೆಟ್ ಆಯ್ತು’ ಎಂಬ ಮಾತೇ ನಿಖರ. ಸಾಮಾನ್ಯ ಸಿಮೆಂಟು ಸೆಟ್ ಆಗಲು ತೊಡಗುವುದು ನೀರು ಬೆರೆಸಿದ 30 ನಿಮಿಷದ ನಂತರ, ಪೂರ್ತಿಯಾಗುವುದು 10 ಗಂಟೆಯೊಳಗೆ ಎಂಬುದು ಭಾರತೀಯ ಮಾನಕದ ಮಿತಿ. ಸೆಟ್ ಆದ ಮೇಲೂ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ತೇವ ಆರದಂತೆ ನೀರುಣಿಸಬೇಕು. ಸೂಚನೆ ಬರೆದು ಅಂಟಿಸುವುದಾದರೆ ‘ಒಣಗುವವರೆಗೆ’ ಎಂದು ಬರೆಯದೆ ದಿನದ ಲೆಕ್ಕವನ್ನೇ ಬರೆಯಿರಿ.