ಕಾಮನ ಹುಣ್ಣಿಮೆಗೆ ಬೆಕ್ಕು ಕೂಗಿದರೆ, ಮರಿ ಬೀಳುವುದು ಯಾವಾಗ?

ಪ್ರಶ್ನೆ: ನಮ್ಮ ಪರ್ಶಿಯನ್ ಹೆಣ್ಣು ಬೆಕ್ಕಿಗೆ ಒಂದೂವರೆ ವರ್ಷ. ಕಾಮನ ಹುಣ್ಣಿಮೆ ಹೊತ್ತಿನಿಂದ ರಾತ್ರಿಯೆಲ್ಲ ಕೂಗುತ್ತಿದೆ, ನೆಲದ ಮೇಲೆ ಹೊರಳಾಡುತ್ತದೆ. ಗಂಡು ಬೆಕ್ಕು ಸಾಕಿದವರು "ಈಗಲೇ ಕೂಡಿಸಿಬಿಡ್ರಿ, ಸುಮ್ಮನಾಗ್ತದ" ಅಂತಾರೆ. ಕೂಡಿಸಬಹುದೇ? (ಕೊಪ್ಪಳದ ಓದುಗರು)

ಉತ್ತರ: ಈ ಬೆದೆಗೆ ಬೇಡ. ಬೆಕ್ಕಿನ ಗಬ್ಬ 63ರಿಂದ 65 ದಿನ. ಮಾರ್ಚ್ 15ಕ್ಕೆ ಕೂಡಿಸಿದರೆ ಮರಿ ಬೀಳುವುದು ಮೇ 17–19ರ ಸುಮಾರಿಗೆ. ಆಗ ಕೊಪ್ಪಳ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಚಪ್ಪಟೆ ಮೂಗಿನ ಪರ್ಶಿಯನ್ನಿಗೆ ಸುಮ್ಮನೆ ಮಲಗಿದ್ದಾಗಲೇ ಆ ಸೆಕೆ ತಡೆಯದು. ಹೆರಿಗೆಯ ತಿಣುಕಾಟವೂ ಸೇರಿದರೆ ತಾಯಿಗೆ ಶಾಖಾಘಾತ, ಮರಿಗಳ ಮೈಯ ನೀರು ಆರುವುದು, ಎರಡೂ ಆಗಬಹುದು.

ಕವಿಗಳ ಮನ್ಮಥ ಮಾವಿನ ಹೂವು, ಕಬ್ಬಿನ ಬಿಲ್ಲು ಹಿಡಿದು ಬರುತ್ತಾನೆ. ಬೆಕ್ಕಿನ ಮನ್ಮಥ ಬೆಳಕು. ಹಗಲು ಉದ್ದವಾದಂತೆ ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಹಾರ್ಮೋನ್ ಇಳಿದು ಅಂಡಾಶಯ ಎಚ್ಚರಗೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಅತಿ ಗಿಡ್ಡ ಹಗಲು 11 ತಾಸಿಗಿಂತ ಸ್ವಲ್ಪ ಹೆಚ್ಚು, ಅತಿ ಉದ್ದದ್ದು ಸುಮಾರು 13 ತಾಸು, ಅಂತರ ಅಷ್ಟೇ. ಅದರ ಮೇಲೆ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿದರೆ ಮನೆಯೊಳಗಿನ ಬೆಕ್ಕಿಗೆ ವರ್ಷವಿಡೀ ವಸಂತವೇ. ಕೂಡಿಸದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಬೆದೆ ಬರುತ್ತದೆ. ಹಾಗಾಗಿ ತಿಂಗಳು ಆರಿಸಿಕೊಳ್ಳುವ ಅನುಕೂಲ ನಿಮಗಿದೆ: ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಕೂಡಿಸಿ, ನವೆಂಬರ್–ಡಿಸೆಂಬರಿಗೆ ಮರಿ. ಚಳಿಯಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿಟ್ಟು ಪೆಟ್ಟಿಗೆಯನ್ನು ಮೊದಲ ವಾರ 29–32 ಡಿಗ್ರಿಯಲ್ಲಿ ಇಡಬಹುದು. ಕರೆಂಟ್ ಹೋದ ಮೇ ಮಧ್ಯಾಹ್ನ ತಂಪು ಮಾಡುವುದು ಹೇಗೆ?

ಕೂಗು ನಿಲ್ಲಿಸಲು ಹಾರ್ಮೋನ್ ಗುಳಿಗೆ ಕೊಡಬೇಡಿ. ಗರ್ಭಕೋಶದಲ್ಲಿ ಕೀವು ತುಂಬುವುದಕ್ಕೆ ಅದೇ ದಾರಿ. "ಒಂದ್ಸಲ ಮರಿ ಹಾಕಿದ್ರೆ ಆರೋಗ್ಯಕ್ಕೆ ಒಳ್ಳೇದು" ಎನ್ನುವುದಕ್ಕೂ ಆಧಾರವಿಲ್ಲ. ಮರಿ ಬೇಡವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.

ಮರಿ ಬೇಕೆಂದರೆ ಈ ಬಿಡುವಿನಲ್ಲಿ ಪರೀಕ್ಷೆಗಳು ಮುಗಿಯಲಿ. ಪರ್ಶಿಯನ್ನಿನಲ್ಲಿ ಮೂತ್ರಪಿಂಡದ ಗುಳ್ಳೆ ರೋಗ ವಂಶದಿಂದ ಬರುತ್ತದೆ. ತಾಯಿ ತಂದೆಯಲ್ಲಿ ಒಬ್ಬರಿಗಿದ್ದರೂ ಸರಾಸರಿ ಅರ್ಧ ಮರಿಗಳಿಗೆ ದಾಟುತ್ತದೆ. ಜೀನ್ ಪರೀಕ್ಷೆ, ಇಲ್ಲವೇ ಹತ್ತು ತಿಂಗಳು ದಾಟಿದ ಮೇಲೆ ಸ್ಕ್ಯಾನಿಂಗ್. ಗಂಡು ಹೆಣ್ಣು ಎರಡರದೂ ರಕ್ತದ ಗುಂಪು ನೋಡಿಸಿ. ತಾಯಿ ಬಿ, ತಂದೆ ಎ ಆದರೆ ಹುಟ್ಟುವಾಗ ಗಟ್ಟಿಯಾಗಿದ್ದ ಮರಿಗಳು ಗಿಣ್ಣು ಹಾಲು ಕುಡಿದು ಎರಡು ಮೂರು ದಿನದಲ್ಲಿ ಸಾಯಬಹುದು. ಕೆಂಪುಗಂದು ಮೂತ್ರ ಅದರ ಗುರುತು. ಬೆಕ್ಕಿನ ಲ್ಯುಕೇಮಿಯಾ ವೈರಾಣು, ರೋಗ ತಡೆಯುವ ಶಕ್ತಿ ಕುಂದಿಸುವ ಎಫ್‌ಐವಿ ವೈರಾಣು, ಇವೆರಡರ ಪರೀಕ್ಷೆಯೂ ಬೇಕು. ಲಸಿಕೆ ಕೂಡಿಸುವುದಕ್ಕೆ ತಿಂಗಳು ಮೊದಲೇ ಆಗಲಿ, ಗಬ್ಬದಲ್ಲಿ ಜೀವಂತ ವೈರಾಣುವಿನ ಲಸಿಕೆ ಕೊಡಬಾರದು.

ಹೆಣ್ಣನ್ನೇ ಗಂಡಿನ ಮನೆಗೆ ಒಯ್ಯಿರಿ. ಬೆಕ್ಕಿನಲ್ಲಿ ಕೂಡಿದ ಮೇಲೆಯೇ ಅಂಡ ಬಿಡುಗಡೆ, ಅದೂ ಒಂದೆರಡು ದಿನ ತಡೆದು. ಒಂದೇ ಸಲ ಕೂಡಿದರೆ ಎಷ್ಟೋ ವೇಳೆ ಸಾಲದು. ಎರಡು ಮೂರು ದಿನ ಅಲ್ಲೇ ಇರಿಸಿ, ದಿನಕ್ಕೆ ಮೂರ್ನಾಲ್ಕು ಸಲ ಕೂಡಲಿ. ಮನೆಗೆ ತಂದ ಮೇಲೆ ಮಾಳಿಗೆ ಬಾಗಿಲು ಮುಚ್ಚಿರಲಿ: ಓಣಿಯ ಗಂಡೂ ಬಂದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು!

ಹೆರಿಗೆಯಲ್ಲಿ ಅರ್ಧ ತಾಸು ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ ಡಾಕ್ಟರ ಬಳಿ ಹೋಗಿ. ಮರಿ ಹುಟ್ಟುವಾಗ ಸುಮಾರು 100 ಗ್ರಾಂ, ದಿನಕ್ಕೆ 10–15 ಗ್ರಾಂ ಏರಬೇಕು. ಡಿಜಿಟಲ್ ತಕ್ಕಡಿಯಲ್ಲಿ ನಿತ್ಯ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಹಾಲೂಡುವ ತಾಯಿ ನಡುಗಿದರೆ, ಕಾಲು ಸೆಟೆದರೆ ಕ್ಯಾಲ್ಸಿಯಂ ಇಳಿದಿರಬಹುದು, ಬೆಳಗಾಗಲೆಂದು ಕಾಯಬೇಡಿ. ಮೈ ಬಿಸಿಯಾಗಿದೆ ಎಂದು ಪ್ಯಾರಾಸಿಟಮಾಲ್ ಚೂರನ್ನೂ ಕೊಡಬೇಡಿ, ಬೆಕ್ಕಿಗೆ ಅದು ವಿಷ.