ಕೇರಂ ಆಡಿ ಬದುಕು ಕಟ್ಟಿಕೊಳ್ಳಬಹುದಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗ ಒಂಬತ್ತನೇ ಕ್ಲಾಸು. ಗಣೇಶೋತ್ಸವದ ಕೇರಂ ಪಂದ್ಯಗಳಲ್ಲಿ ದೊಡ್ಡವರನ್ನೂ ಸೋಲಿಸುತ್ತಾನೆ. ಮುಂದೆ ಕೇರಂ ಆಟಗಾರನೇ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬಿಡಬಹುದಾ?

ಉತ್ತರ: ಧಾರಾಳವಾಗಿ ಬಿಡಿ. ಆದರೆ ಈ ಆಟದಲ್ಲಿ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಬರೀ ಬಹುಮಾನದ ಹಣ ನಂಬಿಕೊಂಡು ಮುಂಬೈನಲ್ಲಿ ಸಂಸಾರ ನಡೆಸುವುದು ಕಷ್ಟ. ಕೇರಂ ಒಲಿಂಪಿಕ್ಸ್‌ನಲ್ಲಿಲ್ಲ, ಏಷ್ಯನ್ ಗೇಮ್ಸ್‌ನಲ್ಲೂ ಇಲ್ಲ. ಕೇರಂ ಆಟಗಾರರ ಮನೆಯ ಒಲೆ ಉರಿಯುವುದು ಹೆಚ್ಚಾಗಿ ನೌಕರಿಯಿಂದ.

ಹೇಗೆ ಅಂದರೆ, ರಿಸರ್ವ್ ಬ್ಯಾಂಕ್, ಎಲ್‌ಐಸಿ, ತೈಲ ಕಂಪನಿಗಳು ಒಳ್ಳೆಯ ಆಟಗಾರರಿಗೆ ಕೆಲಸ ಕೊಟ್ಟಿವೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಪಟ್ಟಿಯಲ್ಲೂ ಕೇರಂ ಇದೆ. 2016ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮುಂಬೈನ ಪ್ರಶಾಂತ್ ಮೋರೆ ರಿಸರ್ವ್ ಬ್ಯಾಂಕ್ ಪರ ಆಡುವವರು. ಹಲವು ಬಾರಿ ವಿಶ್ವ ಪ್ರಶಸ್ತಿ ಗೆದ್ದ ರಶ್ಮಿ ಕುಮಾರಿ ತೈಲ ಕಂಪನಿ ಒಎನ್‌ಜಿಸಿಯವರು. ಪುಣೆಯ ಯೋಗೇಶ್ ಪರದೇಶಿ ಕೂಡ ವಿಶ್ವ ಚಾಂಪಿಯನ್ನೇ. ಅಂದರೆ ನಿಮ್ಮ ಮಗ ದೂರದ ಊರಿನ ಕನಸೇನೂ ಕಾಣುತ್ತಿಲ್ಲ. ಈ ಆಟ ಕಲಿಯುವುದಕ್ಕೆ ಮುಂಬೈ-ಪುಣೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ. ಚಾಳಿನ ಪಡಸಾಲೆ, ಗಣೇಶೋತ್ಸವ ಮಂಡಳದ ಆಫೀಸು, ಕ್ಲಬ್ಬು, ಎಲ್ಲಿ ನೋಡಿದರೂ ಒಂದು ಬೋರ್ಡ್ ಇರುತ್ತದೆ, ಅಲ್ವಾ?

ಈಗ ಆಟದ ಮಾತಿಗೆ ಬರೋಣ. ಮಂಡಳದಲ್ಲಿ ಗೆಲ್ಲುವವನಿಗೂ ವೃತ್ತಿಪರ ಆಟಗಾರನಿಗೂ ಇರುವ ವ್ಯತ್ಯಾಸ ಬರೀ ಗುರಿಯಲ್ಲಿಲ್ಲ. ಪಾಕೆಟ್ಟಿನ ಅಗಲ 4.45 ಸೆಂಟಿಮೀಟರ್, ಕಾಯಿಯದು ಹೆಚ್ಚೆಂದರೆ 3.18. ಆ ಸಂದಿಯಲ್ಲಿ ಕಾಯಿ ಇಳಿಸುವುದನ್ನು ಕೈಗುಣವಿರುವ ಹುಡುಗರು ಬೇಗ ಕಲಿಯುತ್ತಾರೆ. ಹೊಡೆದ ಮೇಲೆ ಸ್ಟ್ರೈಕರ್ ಎಲ್ಲಿ ಹೋಗಿ ನಿಲ್ಲುತ್ತದೆ, ಅದು ಯಾವ ಕಾಯಿಯನ್ನು ಸರಿಸುತ್ತದೆ ಅನ್ನುವ ಲೆಕ್ಕ ಕಲಿಯುವುದೇ ನಿಜವಾದ ಕಷ್ಟ. ದೊಡ್ಡ ಪಂದ್ಯದಲ್ಲಿ ಒಮ್ಮೆ ಗಮನಿಸಿ ನೋಡಿ. ಆಟಗಾರನದೇ ಒಂದು ಸುಲಭದ ಕಾಯಿ ಪಾಕೆಟ್ಟಿನ ಬಾಯಲ್ಲೇ ಕೂತಿರುತ್ತದೆ. ಅವನು ಅದನ್ನು ಮುಟ್ಟುವುದಿಲ್ಲ. ಅಲ್ಲಿದ್ದರೆ ಎದುರಾಳಿಗೆ ಆ ಪಾಕೆಟ್ಟಿನ ದಾರಿ ಬಂದ್. ತಾನು ಮೊದಲು ಗುಂಪಿನ ಒಳಗೆ ಸಿಕ್ಕಿಕೊಂಡ ಕಾಯಿಯನ್ನು ಬಿಡಿಸುತ್ತಾನೆ, ಸುಲಭದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಮಂಡಳದ ಹುಡುಗ ಆ ಸುಲಭದ ಕಾಯಿಯನ್ನೇ ಮೊದಲು ಹಾಕಿ ಚಪ್ಪಾಳೆ ಗಿಟ್ಟಿಸುತ್ತಾನೆ, ಆಮೇಲೆ ಬೋರ್ಡ್, ಅಂದರೆ ಆ ಸುತ್ತು, ಸೋಲುತ್ತಾನೆ.

ನಿಯಮಗಳೂ ಬೇರೆ. 15 ಸೆಕೆಂಡಿನೊಳಗೆ ಹೊಡೆಯಬೇಕು. ಎದ್ದು ನಿಲ್ಲುವ ಹಾಗಿಲ್ಲ, ಕುರ್ಚಿ ಸರಿಸುವ ಹಾಗಿಲ್ಲ. ಸ್ಟ್ರೈಕರ್ 15 ಗ್ರಾಂ ಮೀರಬಾರದು. 25 ಪಾಯಿಂಟ್ ಮುಟ್ಟಿದವರಿಗೆ ಗೇಮ್. ಯಾರೂ ಮುಟ್ಟದಿದ್ದರೆ 8 ಬೋರ್ಡ್ ಆದಾಗ ಮುಂದಿರುವವರಿಗೆ. ಮನೆಯಲ್ಲಿ 5 ಪಾಯಿಂಟ್ ಕೊಡುವ ಕೆಂಪು ಕಾಯಿಗೆ, ಅಂದರೆ ಕ್ವೀನ್‌ಗೆ, ಇಲ್ಲಿ 3 ಮಾತ್ರ. ಅದೂ ನಿಮ್ಮ ಸ್ಕೋರ್ 22 ಆದ ಮೇಲೆ ಕ್ವೀನ್‌ನಿಂದ ಒಂದು ಪಾಯಿಂಟೂ ಸಿಗುವುದಿಲ್ಲ. ಹಾಗಂತ ಅದನ್ನು ಸುಮ್ನೆ ಬಿಡುವ ಹಾಗೂ ಇಲ್ಲ. ಎದುರಾಳಿಯ ಸ್ಕೋರ್ ಇನ್ನೂ 22 ಮುಟ್ಟಿಲ್ಲದಿದ್ದರೆ, ಅವನು ಕ್ವೀನ್ ಪಡೆದು ಬೋರ್ಡ್ ಗೆದ್ದಾಗ ಅವನಿಗೆ ಆ 3 ಪಾಯಿಂಟ್ ಸಿಗುತ್ತದೆ.

ಹಾಗಾಗಿ ಈ ವರ್ಷವೇ ಕ್ಲಬ್ಬೊಂದರ ಮೂಲಕ ಜಿಲ್ಲಾ ಕೇರಂ ಸಂಘಕ್ಕೆ ಸೇರಿಸಿ. ಅಲ್ಲಿಂದ ಮಹಾರಾಷ್ಟ್ರ ಕೇರಂ ಅಸೋಸಿಯೇಶನ್ನಿನ ರಾಜ್ಯ ಮಟ್ಟದ ಪಂದ್ಯಗಳು, ಆಮೇಲೆ ರಾಷ್ಟ್ರೀಯ ಜೂನಿಯರ್, ಯೂತ್. ಮೊದಮೊದಲು ಸೋಲೇ ಜಾಸ್ತಿ. ಮನೆಯವರು ಆಗ ಮುಖ ಸಣ್ಣ ಮಾಡಿಕೊಳ್ಳಬಾರದು. ಆ ಸೋಲುಗಳಲ್ಲೇ ಹುಡುಗ ಕಲಿಯುವುದು.

ಓದು ಬಿಡಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕ್ರೀಡಾ ಕೋಟಾದ ಕೆಲಸಕ್ಕೂ ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆ ಇರಲೇಬೇಕು. ಮಂಡಳದ ಕಪ್ಪುಗಳು ಅಲ್ಲಿ ಲೆಕ್ಕಕ್ಕಿಲ್ಲ, ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರೀಯ ಪಂದ್ಯದಲ್ಲಿ ಆಡಿದಂಥ ಸರ್ಟಿಫಿಕೇಟ್ ಬೇಕು. ಆದ್ದರಿಂದ ಪ್ರತಿ ಪಂದ್ಯದ ಕಾಗದ ಕೈಗೆ ಬಂದ ದಿನವೇ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿದೆಯಾ ನೋಡಿ. ತಪ್ಪಿದ್ದರೆ ಆಗಲೇ ಸಂಘದವರಿಂದ ತಿದ್ದಿಸಿಕೊಳ್ಳಿ.